ಮರವಂತೆ: ಮಳೆಗೆ ಮುಂಚಿನ ಗಾಳ

ಕುಂದಾಪುರದಿಂದ ಬೈಂದೂರಿನತ್ತ ಹೊರಟ ರಾಷ್ಟ್ರೀಯ ಹೆದ್ದಾರಿ 66 ತ್ರಾಸಿ ದಾಟುತ್ತಿದ್ದಂತೆ ಎರಡು ನೀರುಗಳ ನಡುವೆ ಸಿಕ್ಕಿಕೊಳ್ಳುತ್ತದೆ. ಪಡುವಣಕ್ಕೆ ಅರಬ್ಬಿ ಕಡಲು, ಮೂಡಣಕ್ಕೆ ಸೌಪರ್ಣಿಕಾ ಹೊಳೆ. ಕೊಡಚಾದ್ರಿಯ ಮಡಿಲಲ್ಲಿ ಹುಟ್ಟಿ ಕೊಲ್ಲೂರು ಹಾದು ಬಂದ ಈ ಹೊಳೆ ಮರವಂತೆಯಲ್ಲಿ ಕಡಲಿಗೆ ಕೂಗಳತೆಯಷ್ಟು ಹತ್ತಿರ ಬಂದೂ ಅದನ್ನು ಸೇರುವುದಿಲ್ಲ. ಅಲ್ಲಿಂದ ತೆಂಕಣಕ್ಕೆ ತಿರುಗಿ, ಕುದ್ರುಗಳನ್ನು ಬಳಸಿ, ಸುಮಾರು ಹತ್ತು ಕಿಲೋಮೀಟರ್ ನಡೆದು ಗಂಗೊಳ್ಳಿಯ ಅಳಿವೆಯಲ್ಲಿ ಸಮುದ್ರ ಕೂಡುತ್ತದೆ. ವಾರಾಹಿ, ಚಕ್ರಾ, ಕುಬ್ಜಾ, ಖೇಟಾ ನದಿಗಳೂ ಅಲ್ಲಿಗೇ ಬರುತ್ತವೆ. ಐದೂ ಸೇರಿದ ಆ ನೀರಿಗೆ ಪಂಚಗಂಗಾವಳಿ ಎಂದು ಹೆಸರು.

ಕಾರು ನಿಲ್ಲಿಸಿ ಫೋಟೋ ತೆಗೆದು ಹೊರಡುವವರಿಗೆ ಮರವಂತೆ ಹತ್ತು ನಿಮಿಷದ ಊರು. ಕೈಯಲ್ಲಿ ಗಾಳ ಹಿಡಿದವರಿಗೆ ಹಾಗಲ್ಲ. ಹೆದ್ದಾರಿಯ ಒಂದು ಬದಿಯಿಂದ ಇನ್ನೊಂದು ಬದಿಗೆ ನಡೆದರೆ ನೀರು ಬದಲಾಗುತ್ತದೆ, ಮೀನು ಬದಲಾಗುತ್ತದೆ, ದಾರದ ದಪ್ಪವೂ ಎರೆಯೂ ಬದಲಾಗುತ್ತವೆ. ಬೆಳಗಿನ ಜಾವ ಕಡಲಿಗೆ, ಬಿಸಿಲೇರಿದ ಮೇಲೆ ಹೊಳೆಗೆ ಎಂದು ಒಂದೇ ದಿನದಲ್ಲಿ ಎರಡು ಬೇಟೆ ಆಡಬಹುದಾದ ಇಂಥ ಜಾಗ ನಮ್ಮ ಕರಾವಳಿಯಲ್ಲಿ ಅಪರೂಪ. ಏಪ್ರಿಲ್ ಕೊನೆಯಿಂದ ಮೇ ಮುಗಿಯುವತನಕ, ಅಂದರೆ ಮುಂಗಾರು ಕಾಲಿಡುವ ಮೊದಲಿನ ಐದಾರು ವಾರ, ಹವ್ಯಾಸಿ ಗಾಳದವರು ಇಲ್ಲಿಗೆ ಬರುವುದು ಅದಕ್ಕಾಗಿಯೇ.

ಆ ವಾರಗಳಲ್ಲಿ ನೀರು ಹೇಗಿರುತ್ತದೆ ಎಂಬುದನ್ನು ಮೊದಲು ತಿಳಿದುಕೊಳ್ಳಬೇಕು. ಬೇಸಿಗೆಯ ಕೊನೆಗೆ ಘಟ್ಟದಿಂದ ಇಳಿದು ಬರುವ ಸಿಹಿನೀರು ನಿಂತೇಹೋಗಿರುತ್ತದೆ. ತಡೆಯುವವರಿಲ್ಲದ ಉಪ್ಪುನೀರು ಭರತದ ಜೊತೆ ಹೊಳೆಯೊಳಗೆ ದೂರದವರೆಗೂ ಏರುತ್ತದೆ. ದಂಡೆಯ ಬಾವಿಗಳು ಉಪ್ಪಾಗುವುದೂ, ಗದ್ದೆ ತೋಟಗಳನ್ನು ಉಳಿಸಿಕೊಳ್ಳಲು ಕಿಂಡಿ ಅಣೆಕಟ್ಟುಗಳಿಗೆ ಹಲಗೆ ಇಳಿಸುವುದೂ ಇದೇ ಕಾರಣಕ್ಕೆ. ಕೃಷಿಕರಿಗೆ ಕಷ್ಟ ಕೊಡುವ ಈ ಉಪ್ಪೇ ಮೀನುಗಾರನಿಗೆ ಅನುಕೂಲ. ಮಳೆಗಾಲದಲ್ಲಿ ಅಳಿವೆಯಾಚೆಗೆ ಹೋಗಿಬಿಡುವ ಕಡಲ ಮೀನುಗಳು ಈಗ ಹೊಳೆಯೊಳಗೇ ಓಡಾಡುತ್ತವೆ. ನೀರು ತಿಳಿಯಾಗಿರುತ್ತದೆ. ಹೀಗಾಗಿ ದಾರ ತೆಳ್ಳಗಿರಬೇಕು, ನೆರಳು ನೀರಿನ ಮೇಲೆ ಬೀಳಬಾರದು.

ಇಲ್ಲಿ ಗಡಿಯಾರಕ್ಕಿಂತ ಭರತ–ಇಳಿತದ ಲೆಕ್ಕ ಮುಖ್ಯ. ದಿನಕ್ಕೆ ಎರಡು ಭರತ, ಎರಡು ಇಳಿತ; ಪ್ರತಿದಿನವೂ ಸುಮಾರು ಐವತ್ತು ನಿಮಿಷ ತಡವಾಗಿ ಬರುತ್ತವೆ. ಅಮಾವಾಸ್ಯೆ ಹುಣ್ಣಿಮೆಯ ಆಸುಪಾಸಿನಲ್ಲಿ ನೀರು ಹೆಚ್ಚು ಏರಿ ಹೆಚ್ಚು ಇಳಿಯುತ್ತದೆ, ಸೆಳೆತವೂ ಜೋರು. ಅಷ್ಟಮಿಯ ಹೊತ್ತಿಗೆ ಹೊಳೆ ಬಹುಮಟ್ಟಿಗೆ ಸುಮ್ಮನಿರುತ್ತದೆ, ಮೀನೂ ಹಾಗೆಯೇ. ನೀರು ತಿರುಗಿದ ಮೊದಲ ಒಂದೂವರೆ ಗಂಟೆ ಎಲ್ಲಕ್ಕಿಂತ ಒಳ್ಳೆಯದು. ಇಳಿತ ಶುರುವಾದಾಗ ಕಾಂಡ್ಲಾ (ಮ್ಯಾಂಗ್ರೋವ್) ಬೇರುಗಳ ನಡುವೆ ಹೊಕ್ಕಿದ್ದ ಸಿಗಡಿ, ಮರಿಮೀನುಗಳು ನೀರಿನ ಜೊತೆ ಹೊರಗೆ ಬರಲೇಬೇಕು. ಬೇಟೆಗಾರ ಮೀನು ಆ ತೋಡಿನ ಬಾಯಲ್ಲಿ ಕಾದಿರುತ್ತದೆ. ದಂಡೆಯಲ್ಲಿ ಬೀಸುಬಲೆ ಹಿಡಿದು ನಿಂತ ಹಿರಿಯರು ಹೊಸಬರನ್ನು ನೋಡಿ "ಹ್ವಾಯ್, ನೀರ್ ತಿರ್ಗ್ಲಿ, ಗಳ್ಗಿ ನಿಲ್ಲಿ" ಎನ್ನುತ್ತಾರೆ. ಮಧ್ಯಾಹ್ನದ ಸುಡುಬಿಸಿಲಿನಲ್ಲಿ ನೂರು ಸಲ ಗಾಳ ಎಸೆಯುವುದಕ್ಕಿಂತ ಈ ಒಂದು ಮಾತು ಹೆಚ್ಚು ಕೆಲಸ ಮಾಡುತ್ತದೆ.

ಕಡಲ ಬದಿಯನ್ನು ಬೇಗ ಹೇಳಿ ಮುಗಿಸುತ್ತೇನೆ. ಮರವಂತೆಯ ದಂಡೆ ಕಡಿದಾದದ್ದು. ನಾಲ್ಕು ಹೆಜ್ಜೆಗೆ ಆಳ. ಕಡಲ್ಕೊರೆತದಿಂದ ಹೆದ್ದಾರಿಯನ್ನು ಕಾಪಾಡಲು ಸುರಿದ ಬಂಡೆಗಳು, ನೀರೊಳಗೆ ಚಾಚಿದ ಕಲ್ಲಿನ ಗ್ರೋಯ್ನ್‌ಗಳು ಈಗ ಮೀನುಗಳ ಮನೆಯೂ ಆಗಿವೆ. ಏಪ್ರಿಲ್‌ನಲ್ಲಿ ಬೆಳಿಗ್ಗೆ ಹತ್ತರವರೆಗೆ ಕಡಲು ಸಮತಟ್ಟಾಗಿರುತ್ತದೆ. ಆಮೇಲೆ ಪಡುಗಾಳಿ ಏಳುತ್ತದೆ, ಸಂಜೆಯವರೆಗೂ ಅಲೆ ಒಡೆಯುತ್ತಿರುತ್ತದೆ. ಮೇ ನಡುವಿನ ಹೊತ್ತಿಗೆ ಗಾಳಿಯೇ ಇಲ್ಲದ ದಿನವೂ ದಕ್ಷಿಣದ ಹಿಂದೂ ಮಹಾಸಾಗರದಿಂದ ಹೊರಟ ಉದ್ದನೆಯ ಅಲೆಗಳು ಬಂದು ಬಡಿಯುವುದುಂಟು. ಹೈದರಾಬಾದಿನ ಇನ್ಕಾಯಿಸ್ ಸಂಸ್ಥೆ ಇದಕ್ಕೆ ಮುನ್ನೆಚ್ಚರಿಕೆ ಕೊಡುತ್ತದೆ. ಅದನ್ನು ನೋಡದೆ ಬಂಡೆಯ ಮೇಲೆ ಇಳಿಯಬಾರದು. ಪಾಚಿ ಹಿಡಿದ ಕಲ್ಲು, ಬೆನ್ನ ಹಿಂದಿನಿಂದ ಏರುವ ನೀರು, ರಬ್ಬರ್ ಚಪ್ಪಲಿ: ಈ ಮೂರೂ ಒಟ್ಟಾದ ಕಡೆ ಅನಾಹುತ ತಪ್ಪುವುದಿಲ್ಲ. ಮೇ 15ರ ನಂತರ ಕಡಲ ಬದಿಯ ಬಂಡೆಗಳನ್ನು ಬಿಟ್ಟು ಹೊಳೆಯ ಬದಿಗೇ ಬನ್ನಿ ಎಂಬುದು ನನ್ನ ಖಚಿತ ಸಲಹೆ.

ಹೊಳೆಯ ಬದಿಯಲ್ಲಿ ಮೊದಲು ಹೇಳಬೇಕಾದದ್ದು ಕಾಣೆಯನ್ನು. ಕುಂದಾಪುರದ ಹೋಟೆಲುಗಳಲ್ಲಿ ರವೆ ಹೊದ್ದು ಬರುವ ಅದೇ ಕಾಣೆ. ಮರಳಿನ ತಳದಲ್ಲಿ ಗುಂಪಾಗಿ ಮೇಯುತ್ತದೆ, ಗಾಬರಿಯಾದರೆ ಮರಳಿನೊಳಗೇ ಹೂತುಕೊಳ್ಳುತ್ತದೆ. ಬಾಯಿ ಪುಟ್ಟದು. ಅದಕ್ಕೆ ತಕ್ಕ ಸಣ್ಣ ಕೊಕ್ಕೆ, ತೆಳು ದಾರ, ಬಟಾಣಿ ಗಾತ್ರದ ಸೀಸದ ಗುಂಡು, ಸಿಪ್ಪೆ ಸುಲಿದ ಸಿಗಡಿಯ ಚೂರು ಸಾಕು. ರಾಡ್ ಇಲ್ಲದಿದ್ದರೂ ನಡೆಯುತ್ತದೆ; ಖಾಲಿ ಬಾಟಲಿಗೆ ದಾರ ಸುತ್ತಿಕೊಂಡು ಕೂತ ಹುಡುಗರು ದುಬಾರಿ ರೀಲಿನವರಿಗಿಂತ ಹೆಚ್ಚು ಕಾಣೆ ಹಿಡಿಯುತ್ತಾರೆ. ಅವರು ದಾರವನ್ನು ತೋರುಬೆರಳ ತುದಿಯ ಮೇಲೆ ಹಾಯಿಸಿ, ಕಣ್ಣನ್ನು ಬೇರೆಲ್ಲೋ ಇಟ್ಟು ಕೂರುತ್ತಾರೆ. ಟಕ್, ಟಕ್ ಎಂದು ಎರಡು ಸಲ ಮುಟ್ಟಿದ್ದು ಬೆರಳಿಗೆ ಗೊತ್ತಾಗುತ್ತದೆ, ಆಗ ಎಳೆಯುವುದಿಲ್ಲ. ಮೂರನೆಯದಕ್ಕೆ ದಾರ ಮೆಲ್ಲಗೆ ಓರೆಯಾಗಿ ಸರಿಯತೊಡಗಿದಾಗ ಮಣಿಕಟ್ಟನ್ನು ಮಾತ್ರ ತಿರುಗಿಸುತ್ತಾರೆ. ಮೇಲೆ ಬಂದ ಮೀನಿನ ಮೈ ಬಿಸಿಲಿಗೆ ಬೆಳ್ಳಗೆ, ಬೆನ್ನು ಮರಳಿನದೇ ಬಣ್ಣ. ಈ ಕಲೆ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ, ಆ ಹುಡುಗರ ಪಕ್ಕ ಕೂತೇ ಕಲಿಯಬೇಕು. ಮಗುವಿಗೆ ಮೊದಲ ಸಲ ಗಾಳ ಹಿಡಿಸುವುದಿದ್ದರೆ ಕಾಣೆಯಿಂದಲೇ ಶುರುಮಾಡಿ.

ಕಾಂಡ್ಲಾ ಬೇರು, ಸೇತುವೆಯ ಕಂಬ, ಬಿದ್ದ ಬಂಡೆ ಇರುವಲ್ಲಿ ಕೆಂಪು ಸ್ನ್ಯಾಪರ್ ಇರುತ್ತದೆ. ಎರೆ ಕಚ್ಚಿದ ಮರುಕ್ಷಣ ಬೇರಿನೊಳಗೆ ನುಗ್ಗಿ ದಾರ ತುಂಡರಿಸುವುದು ಅದರ ಕಸುಬು. ಇಲ್ಲಿ ಸಿಗುವವು ಹೆಚ್ಚಾಗಿ ಎಳೆಯವು. ಈ ಮೀನು ಬಾಲ್ಯವನ್ನು ಹೊಳೆಯಲ್ಲಿ ಕಳೆದು, ದೊಡ್ಡದಾದ ಮೇಲೆ ಆಳ ಕಡಲಿನ ಬಂಡೆಗಳಿಗೆ ಹೋಗಿ ಅಲ್ಲಿ ಮೊಟ್ಟೆಯಿಡುತ್ತದೆ. ಹೊಳೆಯಲ್ಲೇ ಎಲ್ಲವನ್ನೂ ಹಿಡಿದು ಮುಗಿಸಿದರೆ ಹೊರಗೆ ಹೋಗಲು ಯಾವುದೂ ಉಳಿಯುವುದಿಲ್ಲ. ಅಂಗೈಯುದ್ದದ್ದನ್ನು ಬಿಟ್ಟುಬಿಡಿ. ಕಡಲ ಕ್ಯಾಟ್‌ಫಿಶ್ ಸಿಕ್ಕಿದರೆ ಬರಿಗೈಯಲ್ಲಿ ಮುಟ್ಟಬೇಡಿ. ಬೆನ್ನಿನ ಮತ್ತು ಎರಡೂ ಪಕ್ಕದ ಮುಳ್ಳುಗಳಲ್ಲಿ ವಿಷವಿದೆ. ಇಕ್ಕಳದಿಂದ ಕೊಕ್ಕೆ ತೆಗೆಯಿರಿ.

ಆದರೆ ಬೆಂಗಳೂರಿನಿಂದ ರಾತ್ರಿ ಬಸ್ಸು ಹತ್ತಿ ಬರುವವರು ಬರುವುದು ಇವುಗಳಿಗಾಗಿ ಅಲ್ಲ, ಸೀಬಾಸ್‌ಗಾಗಿ. ಅವರೆಲ್ಲ ಕೊನೆಗೆ ತಲುಪುವ ಜಾಗ ಗಂಗೊಳ್ಳಿಯ ಅಳಿವೆ. ತ್ರಾಸಿಯಿಂದ ತೆಂಕಣಕ್ಕೆ, ಹೊಳೆಗೂ ಕಡಲಿಗೂ ನಡುವಿನ ನೆಲಪಟ್ಟಿಯ ಮೇಲೆ ಸಾಗಿದರೆ ಗಂಗೊಳ್ಳಿ ಬಂದರು. ಅಳಿವೆಯ ಆಚೆ ದಡ ಕೋಡಿ. ಅಲ್ಲಿನ ತಡೆಗೋಡೆಯ ಮೇಲೆ ಸಂಜೆ ಓಡಾಡುವವರಿಗಾಗಿ ಸೀವಾಕ್ ಇದೆ. ಎದುರಿಗೇ ಕಾಣುವ ದಡಕ್ಕೆ ನೇರ ಸೇತುವೆ ಇಲ್ಲದ್ದರಿಂದ ರಸ್ತೆಯಲ್ಲಿ ಹೋಗುವವರು ಹೆಮ್ಮಾಡಿಯ ಮೇಲೆ ದೊಡ್ಡ ಸುತ್ತು ಹೊಡೆಯಬೇಕು. ಒಂದು ದಿನಕ್ಕೆ ಒಂದು ದಡ ಆರಿಸಿಕೊಳ್ಳುವುದೇ ಜಾಣತನ.

ಈ ಸೀಬಾಸ್‌ನ ಬಾಳು ಬಲು ವಿಶೇಷ. ಹೊಳೆಯಲ್ಲಿ ಬೆಳೆಯುತ್ತದೆ, ಮೊಟ್ಟೆಯಿಡಲು ಉಪ್ಪುನೀರಿನ ಅಳಿವೆಗೆ ಇಳಿಯುತ್ತದೆ. ಹುಟ್ಟಿದ ಮರಿಗಳು ಭರತದ ಜೊತೆ ಮತ್ತೆ ಕಾಂಡ್ಲಾ ಕಾಡಿಗೆ, ಹಿನ್ನೀರಿನ ಗಜನಿಗಳಿಗೆ ಸೇರುತ್ತವೆ. ಬಹುತೇಕ ಎಲ್ಲ ಸೀಬಾಸ್‌ಗಳೂ ಮೊದಲು ಗಂಡಾಗಿಯೇ ಬಲಿಯುತ್ತವೆ. ಕೆಲವು ವರ್ಷ ಗಂಡಾಗಿದ್ದು ಆಮೇಲೆ ಹೆಣ್ಣಾಗಿ ಮಾರ್ಪಡುತ್ತವೆ. ನಾಲ್ಕು ಕಿಲೋ ದಾಟಿ ಮೇಲಕ್ಕೆ ಹೋದಷ್ಟೂ ಸಿಗುವುದು ಹೆಚ್ಚಾಗಿ ಹೆಣ್ಣೇ. ಅಂಥ ಒಂದು ಹೆಣ್ಣಿನ ಹೊಟ್ಟೆಯಲ್ಲಿ ಹತ್ತಾರು ಲಕ್ಷ ಮೊಟ್ಟೆ. ಮುಂಗಾರಿನ ಮೊದಲ ನೀರಿಗಾಗಿ ಅವು ಅಳಿವೆಯ ಹತ್ತಿರ ಸೇರುವುದು ಮೇ ಕೊನೆ, ಜೂನ್ ಮೊದಲ ಹೊತ್ತಿಗೆ. ಅಂದರೆ ಗಾಳದವನಿಗೆ ಅತಿ ದೊಡ್ಡ ಮೀನು ಸಿಗುವ ಕಾಲವೂ, ಆ ಮೀನು ಹೊಳೆಗೆ ಅತಿ ಹೆಚ್ಚು ಬೇಕಾದ ಕಾಲವೂ ಒಂದೇ. ಫೋಟೋದಲ್ಲಿ ಎದೆಗವಚಿ ಹಿಡಿದ ಆ ಎಂಟು ಕಿಲೋ ಮೀನು ಮುಂದಿನ ಹಲವು ವರ್ಷಗಳ ಮೀನಿನ ತಾಯಿ.

ಕಾನೂನು ಇಲ್ಲಿ ಅರ್ಧ ಕೆಲಸ ಮಾಡುತ್ತದೆ. ರಾಜ್ಯದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳೂ 10 ಅಶ್ವಶಕ್ತಿ ಮೀರಿದ ಎಂಜಿನ್‌ನ ದೋಣಿಗಳೂ ಕಡಲಿಗಿಳಿಯುವಂತಿಲ್ಲ. ಗಂಗೊಳ್ಳಿಯ ಬೋಟುಗಳೆಲ್ಲ ದಕ್ಕೆಗೆ ಬಂದು ಸಾಲಾಗಿ ನಿಲ್ಲುತ್ತವೆ. ಖಾರ್ವಿ, ಮೊಗವೀರ ಮನೆಗಳಲ್ಲಿ ಎರಡು ತಿಂಗಳು ದೊಡ್ಡ ಆದಾಯ ಇರುವುದಿಲ್ಲ; ನಾಡದೋಣಿಯವರು ಕಡಲು ಬಿಟ್ಟುಕೊಟ್ಟಷ್ಟು ಹಿಡಿಯುತ್ತಾರೆ, ಉಳಿದವರು ಬಲೆ ಹೆಣೆಯುತ್ತ ಕಾಯುತ್ತಾರೆ. ದಡದಲ್ಲಿ ನಿಂತು ಗಾಳ ಹಾಕುವವನಿಗೆ ಈ ನಿಷೇಧ ತಟ್ಟುವುದಿಲ್ಲ. ಹೊಟ್ಟೆಪಾಡಿಗೆ ಮೀನು ಹಿಡಿಯುವವರು ಮೊಟ್ಟೆಯ ಕಾಲಕ್ಕೆ ಕೈಕಟ್ಟಿ ಕೂತಿರುವಾಗ, ಖುಷಿಗೆ ಹಿಡಿಯುವವರು ಅದೇ ಮೀನಿನ ತಾಯಿಯನ್ನು ದಡಕ್ಕೆಳೆದು ಮನೆಗೊಯ್ಯುವುದು ನ್ಯಾಯವಲ್ಲ. ನಮ್ಮ ಹವ್ಯಾಸಕ್ಕೆ ನಾವೇ ಕಟ್ಟು ಹಾಕಿಕೊಳ್ಳಬೇಕು.

ಬಿಡುವುದಕ್ಕೂ ಕ್ರಮವಿದೆ. ಬೇಸಿಗೆಯ ಕಾದ ನೀರಿನಲ್ಲಿ ಪ್ರಾಣವಾಯು ಕಡಿಮೆ. ತೆಳು ದಾರದಲ್ಲಿ ಅರ್ಧ ಗಂಟೆ ಆಡಿಸಿ ದಣಿಸಿದ ಮೀನು ಬಿಟ್ಟರೂ ಬದುಕುವುದು ಅನುಮಾನ. ಅದಕ್ಕೇ ದೊಡ್ಡ ಮೀನಿನ ಜಾಗದಲ್ಲಿ ಗಟ್ಟಿ ದಾರ ಬಳಸಿ, ಬೇಗ ದಡಕ್ಕೆ ತನ್ನಿ. ಕೊಕ್ಕೆಯ ಮರುಮುಳ್ಳನ್ನು ಇಕ್ಕಳದಿಂದ ಒತ್ತಿಬಿಟ್ಟರೆ ಬಿಡಿಸುವುದು ಸುಲಭ. ಒಣಗೈಯಲ್ಲಿ, ಕಾದ ಬಂಡೆಯ ಮೇಲೆ ಮೀನನ್ನು ಇಡಬೇಡಿ. ಮೈಮೇಲಿನ ಲೋಳೆ ಹೋದರೆ ರೋಗ ಹತ್ತುತ್ತದೆ. ಫೋಟೋ ಬೇಕಿದ್ದರೆ ನೀರಿನಲ್ಲೇ ನಿಂತು ತೆಗೆಸಿಕೊಳ್ಳಿ. ಆಮೇಲೆ ಬಾಯಿ ಹರಿವಿನ ಕಡೆಗಿರುವಂತೆ ಹಿಡಿದು, ಅದು ತಾನಾಗಿ ಬಾಲ ಬೀಸಿ ಹೊರಡುವವರೆಗೆ ಕಾಯಿರಿ.

ಇನ್ನು ಸಿಹಿನೀರು. ಹೆಮ್ಮಾಡಿಯಿಂದ ವಂಡ್ಸೆ, ಕೊಲ್ಲೂರಿನ ದಾರಿ ಹಿಡಿದರೆ ಹೊಳೆಯ ಮೇಲ್ಭಾಗ ಸಿಗುತ್ತದೆ. ಮೇ ತಿಂಗಳಲ್ಲಿ ಅಲ್ಲಿ ಹೊಳೆ ಹರಿಯುವುದಿಲ್ಲ, ಗುಂಡಿಗಳಲ್ಲಿ ನಿಂತಿರುತ್ತದೆ. ಇಡೀ ಹೊಳೆಯ ಮೀನು ಆ ನಾಲ್ಕಾರು ಗುಂಡಿಗಳಲ್ಲಿ ಜೀವ ಹಿಡಿದುಕೊಂಡಿರುತ್ತದೆ. ಮೇಲಿನ ಗಾಳಿಯನ್ನೂ ಉಸಿರಾಡಬಲ್ಲ ಕೊರವ ಹೇಗೋ ಬದುಕಿಕೊಳ್ಳುತ್ತದೆ, ಉಳಿದ ಹೆಚ್ಚಿನವಕ್ಕೆ ಆ ಶಕ್ತಿಯಿಲ್ಲ. ಇಂಥ ಗುಂಡಿಗೆ ತೋಟೆ ಹಾಕುವವರು, ಬ್ಲೀಚಿಂಗ್ ಪುಡಿ ಸುರಿಯುವವರು ಇಂದಿಗೂ ಇದ್ದಾರೆ. ಒಂದು ಸಲ ಸುರಿದರೆ ಮರಿ, ಏಡಿ, ಕಪ್ಪೆ ಯಾವುದೂ ಉಳಿಯುವುದಿಲ್ಲ. ಕಂಡರೆ ಪಂಚಾಯಿತಿಗೋ ಪೊಲೀಸರಿಗೋ ತಿಳಿಸಿ. ಗಾಳವೂ ಅಲ್ಲಿ ಬೇಡ. ಕಟ್ಟಿಹಾಕಿದಂತಿರುವ ಮೀನನ್ನು ಹಿಡಿಯುವುದರಲ್ಲಿ ಆಟವೇ ಇಲ್ಲ. ಜೂನ್‌ನ ಮೊದಲ ಮಳೆಗೆ ಹೊಳೆಯಿಂದ ತೋಡಿಗೆ, ತೋಡಿನಿಂದ ಗದ್ದೆಗೆ ಏರಿ ಮೊಟ್ಟೆಯಿಡಬೇಕಾದದ್ದು ಈ ಗುಂಡಿಗಳಲ್ಲಿ ಉಳಿದ ಮೀನುಗಳೇ. ಇನ್ನೂ ಮೇಲೆ ಕೊಲ್ಲೂರಿನ ಸುತ್ತ ಮೂಕಾಂಬಿಕಾ ಅಭಯಾರಣ್ಯ ಶುರುವಾಗುತ್ತದೆ. ಅಲ್ಲಿ ಗಾಳ ತೆಗೆಯುವ ಮಾತೇ ಇಲ್ಲ.

ಮರವಂತೆಗೆ ಹೋಗುವವರಿಗೆ ದಾರಿ ಸುಲಭ. ಕುಂದಾಪುರದಲ್ಲಿ ಕೊಂಕಣ ರೈಲ್ವೆಯ ನಿಲ್ದಾಣವಿದೆ, ಬೈಂದೂರಿನ ಕಡೆಯ ಬಸ್ಸುಗಳೆಲ್ಲ ಹೆದ್ದಾರಿಯಲ್ಲೇ ನಿಲ್ಲಿಸುತ್ತವೆ. ಚತುಷ್ಪಥದಲ್ಲಿ ವಾಹನಗಳ ವೇಗ ಭಯಂಕರ, ರಾಡ್ ಹಿಡಿದು ರಸ್ತೆ ದಾಟುವಾಗ ಹುಷಾರು. ಸಿಗಡಿ ಎರೆಯನ್ನು ಗಂಗೊಳ್ಳಿಯ ದಕ್ಕೆಯಲ್ಲಿ ಬೆಳಿಗ್ಗೆ ಕೊಳ್ಳಬಹುದು. ಬಲೆ ಹರಡಿದ ಕಡೆ ಗಾಳ ಎಸೆಯಬೇಡಿ. ದೋಣಿ ಕಟ್ಟಿದ ಜಾಗದಲ್ಲಿ ಕೂರುವ ಮುಂಚೆ ಅಲ್ಲಿನವರನ್ನು ಒಂದು ಮಾತು ಕೇಳಿ. ಬೇಡ ಎನ್ನುವವರು ಕಡಿಮೆ, ಒಳ್ಳೆಯ ಜಾಗ ತೋರಿಸುವವರೇ ಹೆಚ್ಚು. ತುಂಡಾದ ನೈಲಾನ್ ದಾರವನ್ನು ದಯವಿಟ್ಟು ಕಾಂಡ್ಲಾ ಬೇರಿನಲ್ಲಿ ಬಿಟ್ಟು ಬರಬೇಡಿ. ಅದು ಕೊಳೆಯುವುದಿಲ್ಲ, ಬೆಳ್ಳಕ್ಕಿಯ ಕಾಲಿಗೆ, ನೀರುನಾಯಿಯ ಕೊರಳಿಗೆ ಸುತ್ತಿಕೊಳ್ಳುತ್ತದೆ.

ಕಾಣೆ ಎಷ್ಟು ಬೇಕೋ ಅಷ್ಟು ಹಿಡಿಯಿರಿ, ಮನೆಗೆ ಒಯ್ಯಿರಿ, ಕಾಯಿಸಿ ತಿನ್ನಿ. ಒಂದೆರಡು ಕಿಲೋ ತೂಗುವ ಸೀಬಾಸ್ ಒಂದನ್ನು ಇಟ್ಟುಕೊಂಡರೂ ತಪ್ಪಿಲ್ಲ. ಆದರೆ ಮೇ ಕೊನೆಯ ವಾರದಿಂದ ಜುಲೈ 31ರವರೆಗೆ, ಬೋಟುಗಳು ಮತ್ತೆ ಕಡಲಿಗಿಳಿಯುವತನಕ, ಗಂಗೊಳ್ಳಿ–ಕೋಡಿ ಅಳಿವೆಯಲ್ಲಿ ನಾಲ್ಕು ಕಿಲೋ ದಾಟಿದ ಯಾವ ಸೀಬಾಸ್ ಸಿಕ್ಕಿದರೂ ಅದನ್ನು ಜೀವಂತ ನೀರಿಗೆ ಬಿಡಿ.