ಎಲ್ಲ ಮುಳುಗಿದ ಮೇಲೆ ತಂತಿ ಎಲ್ಲಿಂದ?

ನಮ್ಮೂರ ಬಸ್‌ಸ್ಟ್ಯಾಂಡಿನ ಹಿಂದೆ ಒಂದು ಮೋಟಾರ್ ವೈಂಡಿಂಗ್ ಅಂಗಡಿ ಇದೆ. ಬೇಸಿಗೆ ಬಂತೆಂದರೆ ಸುಟ್ಟ ಪಂಪ್‌ಸೆಟ್ಟುಗಳು ಅದರ ಮುಂದೆ ಸಾಲಾಗಿ ಕೂತಿರುತ್ತವೆ. ಅಂಗಡಿಯಾತ ಸುಟ್ಟ ಕಾಯಿಲನ್ನು ಒಮ್ಮೆಲೇ ಕಿತ್ತು ಎಸೆಯುವವನಲ್ಲ. ಮೊದಲು ಸುತ್ತು ಎಣಿಸುತ್ತಾನೆ, ತಂತಿಯ ತುದಿಯ ಎನಾಮೆಲ್ ಕೆರೆದು ಗೇಜು ನೋಡುತ್ತಾನೆ, ಹಳೇ ಕ್ಯಾಲೆಂಡರ್ ಹಾಳೆಯ ಹಿಂದೆ ಏನೋ ಗೀಚಿಕೊಳ್ಳುತ್ತಾನೆ. ಆಮೇಲೆ ಹೊಸ ತಂತಿ ಸುತ್ತುವ ಕೆಲಸ. ಅಲ್ಲಿ ಕಾಯುತ್ತ ಕೂತಿದ್ದ ರೈತರೊಬ್ಬರು ಒಮ್ಮೆ ಅಂದರು: 'ಪ್ರಪಂಚ ಮುಳುಗಿದರೂ ಇವನಿಗೇನೂ ಭಯ ಇಲ್ಲ ಬಿಡಿ, ಕೈಯಲ್ಲಿ ಕಸುಬಿದೆ.' ಅವನು ತಲೆ ಎತ್ತದೆ ಕೇಳಿದ: 'ತಂತಿ ಎಲ್ಲಿಂದ ತರಲಿ?'

ಕಸುಬು ಬಲ್ಲವನೊಬ್ಬ ಉಳಿದರೆ ಸಾಕು, ಬಿದ್ದದ್ದನ್ನೆಲ್ಲ ಮತ್ತೆ ಎತ್ತಿ ನಿಲ್ಲಿಸಬಹುದು ಅನ್ನುವ ನಂಬಿಕೆಗೆ ಇದಕ್ಕಿಂತ ಚಿಕ್ಕ ಉತ್ತರ ನನಗೆ ಸಿಕ್ಕಿಲ್ಲ. ಇನ್ನೂ ದೊಡ್ಡ ಉತ್ತರ ಬೇಕಿದ್ದರೆ ಬ್ರಿಟನ್ನಿನ ವಿನ್ಯಾಸಕಾರ ಥಾಮಸ್ ಥ್ವೇಟ್ಸ್ ಕಥೆ ಇದೆ. ಆಗ ಅಂಗಡಿಯಲ್ಲಿ ನಾಲ್ಕು ಪೌಂಡಿಗೂ ಕಡಿಮೆಗೆ ಸಿಗುತ್ತಿದ್ದ ಒಂದು ಬ್ರೆಡ್ ಟೋಸ್ಟರನ್ನು ಕಚ್ಚಾ ವಸ್ತುವಿನಿಂದ ಶುರುಮಾಡಿ ತಾನೇ ತಯಾರಿಸುತ್ತೇನೆಂದು ಅವನು ಹೊರಟ. ಬಿಚ್ಚಿ ನೋಡಿದರೆ ಒಳಗೆ ನಾನೂರರಷ್ಟು ಬಿಡಿಭಾಗ. ಗಣಿಯಿಂದ ಅದಿರು ತಂದ, ಸ್ವಂತ ಕುಲುಮೆ ಕಟ್ಟಿದ, ಬಂದ ಕಬ್ಬಿಣ ಕೆಲಸಕ್ಕೆ ಬರಲಿಲ್ಲ. ಕೊನೆಗೆ ಮೈಕ್ರೋವೇವ್ ಒಲೆಯಲ್ಲಿ ಒಂದಿಷ್ಟು ಕಬ್ಬಿಣ ಇಳಿಸಿದ. ಟೋಸ್ಟರ್ ಮಾಡಲು ಮೈಕ್ರೋವೇವ್! ತಿಂಗಳುಗಟ್ಟಲೆ ದುಡಿದು, ಸಾವಿರ ಪೌಂಡಿಗೂ ಮೇಲೆ ಸುರಿದು ಮಾಡಿದ ಆ ಟೋಸ್ಟರ್ ಕರೆಂಟಿಗೆ ಹಾಕಿದ ಕೆಲವೇ ಸೆಕೆಂಡಿನಲ್ಲಿ ಕೆಟ್ಟು ಕೂತಿತು.

ಹಾಗಾದರೆ ತಾಂತ್ರಿಕ ಕೌಶಲಕ್ಕೆ ಬೆಲೆಯೇ ಇಲ್ಲವೇ? ಇದೆ, ಬೇಕಾದಷ್ಟಿದೆ. ಬೋಸ್ನಿಯಾದ ಗೊರಾಜ್ದೆ ಪಟ್ಟಣಕ್ಕೆ ಹೋಗೋಣ. 1992ರಿಂದ 1995ರವರೆಗೆ ಸರ್ಬ್ ಸೇನೆ ಸುತ್ತುವರಿದಿದ್ದ ಊರು. ವಿದ್ಯುತ್ ಕಡಿದುಹೋಗಿತ್ತು, ಊರ ನಡುವೆ ದ್ರಿನಾ ನದಿ ಮಾತ್ರ ಯಾವ ಸೇನೆಯ ಮಾತೂ ಕೇಳದೆ ಹರಿಯುತ್ತಿತ್ತು. ಜನ ಖಾಲಿ ಡ್ರಮ್ಮುಗಳನ್ನು ಜೋಡಿಸಿ ತೆಪ್ಪ ಮಾಡಿದರು. ಅದರ ಮೇಲೆ ಹಲಗೆಯ ಚಕ್ರ, ಚಕ್ರಕ್ಕೆ ಬೆಲ್ಟು, ಬೆಲ್ಟಿನ ತುದಿಗೆ ಕಾರಿನ ಆಲ್ಟರ್ನೇಟರೋ ಹಳೇ ಮೋಟಾರೋ. ತೆಪ್ಪವನ್ನು ಸೇತುವೆಗೆ ಕಟ್ಟಿ ನೀರಿಗೆ ಬಿಟ್ಟರೆ ಸೆಳೆತಕ್ಕೆ ಚಕ್ರ ತಿರುಗುತ್ತಿತ್ತು. ಅಲ್ಲಿಂದ ತಂತಿ ಎಳೆದು ಮನೆಗಳಿಗೆ. ಒಂದು ಬಲ್ಬು ಉರಿಯಲು, ರೇಡಿಯೋದಲ್ಲಿ ವಾರ್ತೆ ಕೇಳಲು ಅಷ್ಟು ಸಾಕಾಗಿತ್ತು. ಸೇತುವೆಯ ಕೆಳಗೆ ಇಂಥ ತೆಪ್ಪಗಳ ಒಂದು ಸಣ್ಣ ಸಂತೆಯೇ ನೆರೆದಿತ್ತು.

ಇದು ಅಪ್ಪಟ ತಾಂತ್ರಿಕ ಜಾಣ್ಮೆ. ಆದರೆ ಆ ಆಲ್ಟರ್ನೇಟರನ್ನು ಗೊರಾಜ್ದೆಯಲ್ಲಿ ಯಾರೂ ತಯಾರಿಸಲಿಲ್ಲ. ಯುದ್ಧಕ್ಕೆ ಮುಂಚಿನ ಕಾರುಗಳು ಊರಿನಲ್ಲಿ ಪೆಟ್ರೋಲಿಲ್ಲದೆ ನಿಂತಿದ್ದವು, ಅವುಗಳ ಹೊಟ್ಟೆ ಬಗೆದರು. ಇದ್ದದ್ದನ್ನು ಬಿಚ್ಚಿ ಇನ್ನೊಂದಾಗಿ ಜೋಡಿಸುವ ಕಸುಬು ಬೇರೆ, ಮಣ್ಣಿನಿಂದ ಶುರುಮಾಡಿ ಹೊಸದು ಮಾಡುವ ಕಸುಬು ಬೇರೆ. ಮೊದಲನೆಯದು ನೂರಾರು ಜನರಿಗೆ ಬರುತ್ತದೆ. ಎರಡನೆಯದು ಒಬ್ಬರಿಗೂ ಪೂರ್ತಿ ಬರುವುದಿಲ್ಲ, ಸಾವಿರಾರು ಜನರ ನಡುವೆ ಹಂಚಿಹೋಗಿರುತ್ತದೆ.

ಅದೇ ಯುದ್ಧದಲ್ಲಿ ಸಾರಾಯೆವೋ ನಗರಕ್ಕೆ ಬಿದ್ದ ಮುತ್ತಿಗೆ 1992ರ ಏಪ್ರಿಲ್‌ನಿಂದ 1996ರ ಫೆಬ್ರವರಿವರೆಗೆ ನಡೆಯಿತು. ನೀರಿಲ್ಲ. ಬಿಯರ್ ಕಾರ್ಖಾನೆಯ ಬುಗ್ಗೆಗೆ ಜನ ಕ್ಯಾನು ಹಿಡಿದು ಹೋಗುತ್ತಿದ್ದರು. 1993ರ ಜುಲೈ 12ರಂದು ದೊಬ್ರಿನ್ಯಾ ಬಡಾವಣೆಯಲ್ಲಿ ನೀರಿಗೆ ಸಾಲು ನಿಂತವರ ಮೇಲೆ ಶೆಲ್ ಬಿದ್ದು ಕನಿಷ್ಠ ಹನ್ನೆರಡು ಮಂದಿ ಸತ್ತರು. ಆ ಹೊತ್ತಿಗೆ ಅಮೆರಿಕದ ಪರಿಹಾರ ತಜ್ಞ ಫ್ರೆಡ್ ಕ್ಯೂನಿ ಅಲ್ಲಿದ್ದ. ನೀರು ಶುದ್ಧೀಕರಿಸುವ ಯಂತ್ರಗಳನ್ನು ಸರಕು ವಿಮಾನದಲ್ಲಿ ತರಿಸಿ, ಶೆಲ್ ತಾಕದ ಹಾಗೆ ಒಂದು ರಸ್ತೆ ಸುರಂಗದೊಳಗೆ ಕೂರಿಸಿದ. ನದಿಯ ನೀರನ್ನು ಸೋಸಿ ಮನೆಮನೆಗೆ ಬಿಡುವ ಏರ್ಪಾಡು. ಇಂಜಿನಿಯರಿಂಗ್ ಭಾಗ ಮುಗಿಯಿತು. ಆದರೆ ನಗರದ ಅಧಿಕಾರಿಗಳು ಒಪ್ಪಿಗೆ ಕೊಡಲಿಲ್ಲ, ಕೆಲವು ತಿಂಗಳು ನಲ್ಲಿಗೆ ನೀರು ಬರಲಿಲ್ಲ. ಯಂತ್ರ ಸಿದ್ಧವಾಗಿದ್ದರೂ ಬಾಯಾರಿಕೆ ಹಾಗೇ ಇತ್ತು. ತಂತ್ರಜ್ಞಾನ ಗೊತ್ತಿದ್ದರೆ ಉಳಿದದ್ದು ತಾನಾಗಿ ಆಗುತ್ತದೆ ಎಂದು ನಂಬಿದವರು ಈ ಸುರಂಗವನ್ನು ನೆನಪಿಡಬೇಕು. ಸಹಿ ಹಾಕುವ ಕೈ ಪ್ರಳಯವಾದರೂ ಉಳಿದಿರುತ್ತದೆ!

'ಎಲ್ಲ ಪುಸ್ತಕದಲ್ಲಿದೆ, ಹಾರ್ಡ್ ಡಿಸ್ಕಿಗೆ ಇಳಿಸಿಟ್ಟುಕೊಂಡರಾಯಿತು' ಅನ್ನುವುದು ಇನ್ನೊಂದು ಸಮಾಧಾನ. ಸಾಫ್ಟ್‌ವೇರ್ ಗೆಳೆಯರಿಂದ ಹೆಚ್ಚು ಕೇಳಿದ್ದೇನೆ. ಅವರಿಗೆ ನಾನು ಹೇಳುವ ಕಥೆ ಇದು. ಅಮೆರಿಕದ ಅಣುಬಾಂಬಿನ ಸಿಡಿತಲೆಯೊಂದರಲ್ಲಿ 'ಫಾಗ್‌ಬ್ಯಾಂಕ್' ಅನ್ನುವ ಗುಪ್ತ ವಸ್ತು ಬಳಸುತ್ತಿದ್ದರು. ಟೆನೆಸಿ ರಾಜ್ಯದ ಕಾರ್ಖಾನೆಯಲ್ಲಿ 1989ರವರೆಗೆ ತಯಾರಾಗಿ ನಿಂತುಹೋಯಿತು. 2000ದ ಹೊತ್ತಿಗೆ ಹಳೇ ಸಿಡಿತಲೆಗಳ ಆಯುಷ್ಯ ಹೆಚ್ಚಿಸಲು ಅದು ಮತ್ತೆ ಬೇಕಾಯಿತು. ದಾಖಲೆ ಅರ್ಧಂಬರ್ಧ, ಮಾಡುತ್ತಿದ್ದವರಲ್ಲಿ ಬಹುಪಾಲು ನಿವೃತ್ತರು. ಹೊಸ ಘಟಕ ಕಟ್ಟಿ, ಮೊದಲಿನಂತೆಯೇ ಮಾಡಿದರೂ ಹದಕ್ಕೆ ಬರಲಿಲ್ಲ. ವರ್ಷಗಳು ಕಳೆದ ಮೇಲೆ ತಿಳಿದದ್ದು: ಹಿಂದಿನ ಕಚ್ಚಾ ಸಾಮಗ್ರಿಯಲ್ಲಿ ಒಂದು ಕಲ್ಮಶ ಇತ್ತು, ವಸ್ತು ಕೆಲಸ ಮಾಡುತ್ತಿದ್ದುದೇ ಅದರಿಂದ. ಹೊಸಬರು ಅದನ್ನು ಚೆನ್ನಾಗಿ ತೊಳೆದು ತೆಗೆದಿದ್ದರು. ಹಳಬರಿಗೂ ಆ ಗುಟ್ಟು ಗೊತ್ತಿರಲಿಲ್ಲ, ಗೊತ್ತಿಲ್ಲದ್ದನ್ನು ಬರೆದಿಡುವುದು ಹೇಗೆ?

ಇಂಥದೇ ಕಲ್ಮಶ ನಮ್ಮ ಉಕ್ಕಿನಲ್ಲೂ ಇತ್ತು. ಯುರೋಪಿನವರು 'ವೂಟ್ಜ್' ಎಂದು ಕರೆದದ್ದು ಕನ್ನಡದ 'ಉಕ್ಕು' ಶಬ್ದವೇ ತಿರುಚಿಕೊಂಡಿದ್ದು ಎಂದು ಬಹಳ ವಿದ್ವಾಂಸರ ಮತ. ಟಿಪ್ಪು ಸತ್ತ ಮರುವರ್ಷ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕನನ್ ಇಲ್ಲಿನ ಕುಲುಮೆಗಳನ್ನು ವಿವರವಾಗಿ ಬರೆದಿಟ್ಟಿದ್ದಾನೆ: ಮಣ್ಣಿನ ಮೂಸೆ, ಅದರೊಳಗೆ ಕಬ್ಬಿಣದ ತುಂಡು, ತಂಗಡಿ ಕಟ್ಟಿಗೆಯ ಚೂರು, ಒಂದೆರಡು ಹಸಿ ಎಲೆ, ಬಾಯಿ ಮುಚ್ಚಿ ಬೆಂಕಿ. ಬರಹ ಇತ್ತು, ಆದರೂ ಆ ಕಸುಬು ಹತ್ತೊಂಬತ್ತನೇ ಶತಮಾನದಲ್ಲಿ ಕಣ್ಮರೆಯಾಯಿತು. ಮೈಕೆಲ್ ಫ್ಯಾರಡೆಯಂಥವನೇ ಅದರ ಬೆನ್ನು ಹತ್ತಿದ್ದ. ಆ ಉಕ್ಕಿನ ಕತ್ತಿಯ ಮೇಲಿನ ಅಲೆಯಂಥ ಚಿತ್ತಾರಕ್ಕೆ ಅದಿರಿನಲ್ಲಿದ್ದ ಅತ್ಯಲ್ಪ ವನೇಡಿಯಂ ಕಾರಣವಿರಬೇಕು ಎಂದು ಅಮೆರಿಕದ ಲೋಹತಜ್ಞ ಜಾನ್ ವರ್ಹೋವೆನ್ ಮತ್ತು ಕಮ್ಮಾರ ಆಲ್ಫ್ರೆಡ್ ಪೆಂಡ್ರೆ ಮಾಡಿ ತೋರಿಸಿದ್ದು 1990ರ ದಶಕದಲ್ಲಿ. ಅಲ್ಲೂ ಪ್ರೊಫೆಸರ್ ಒಬ್ಬನೇ ಸಾಲಲಿಲ್ಲ, ಸುತ್ತಿಗೆ ಹಿಡಿಯುವವನು ಜತೆಗೆ ಬೇಕಾಯಿತು.

ಕಸುಬನ್ನು ಹೊತ್ತ ಜನಸಂಖ್ಯೆಯೇ ಕುಗ್ಗಿದರೆ ಏನಾಗುತ್ತದೆ ಎಂಬುದಕ್ಕೆ ಉತ್ತರ ಗ್ರೀನ್‌ಲ್ಯಾಂಡಿನ ಇನುಹುಯಿತ್ ಜನರ ಕಥೆ ಸಾಕು. 1820ರ ದಶಕದ ಹೊತ್ತಿಗೆ ಅವರ ಪುಟ್ಟ ಸಮುದಾಯಕ್ಕೆ ರೋಗ ಬಡಿದು, ಹಿರಿಯರೇ ಹೆಚ್ಚು ಸತ್ತರು. ಉಳಿದವರಿಗೆ ಕಯಾಕ್ ದೋಣಿ ಕಟ್ಟಲು ಬರಲಿಲ್ಲ, ಬಿಲ್ಲು ಬಾಣ ಮಾಡಲು ಬರಲಿಲ್ಲ. ತೊಗಲು, ಮೂಳೆ ಎಲ್ಲ ಸುತ್ತಲೂ ಬಿದ್ದಿತ್ತು. ಕಯಾಕ್ ಎಂಬುದು ಇತ್ತೆಂದೂ ಅವರಿಗೆ ಗೊತ್ತಿತ್ತು. ಸುಮಾರು ನಲವತ್ತು ವರ್ಷ ಹಾಗೇ ಕಳೆದು, 1860ರ ದಶಕದಲ್ಲಿ ಬ್ಯಾಫಿನ್ ದ್ವೀಪದ ಕಡೆಯಿಂದ ವಲಸೆ ಬಂದವರು ಕಲಿಸಿಕೊಟ್ಟ ಮೇಲೆ ದೋಣಿ ಮತ್ತೆ ನೀರಿಗಿಳಿಯಿತು.

'ಡಿಗ್ರಿಯವರು ಹಸಿದು ಸಾಯುತ್ತಾರೆ, ರೈತ ಮಾತ್ರ ಉಳಿಯುತ್ತಾನೆ' ಅನ್ನುವವರೂ ಇದ್ದಾರೆ. ಆ ರೈತನ ಹೈಬ್ರಿಡ್ ಬೀಜ, ಯೂರಿಯಾ, ಡೀಸೆಲ್ ಎಲ್ಲ ಅದೇ ಸಾವಿರಾರು ಕೈಗಳ ಸರಪಳಿಗೆ ನೇತುಬಿದ್ದಿವೆ. 1991ರಲ್ಲಿ ಸೋವಿಯತ್ ಒಕ್ಕೂಟ ಒಡೆದು ತೈಲ ಬರುವುದು ಕುಸಿದಾಗ ಕ್ಯೂಬಾದ ಟ್ರ್ಯಾಕ್ಟರುಗಳು ನಿಂತಲ್ಲೇ ನಿಂತವು. ಎತ್ತು ಹೂಡಲು ಹೊರಟರೆ, ಎತ್ತು ಪಳಗಿಸಲು ಬಲ್ಲವರನ್ನು ಹುಡುಕಿ ಹೊಸಬರಿಗೆ ಹೇಳಿಕೊಡಿಸಬೇಕಾಯಿತು. ಕೀಟನಾಶಕ ಇಲ್ಲದಿದ್ದಕ್ಕೆ ಪ್ರಯೋಗಾಲಯದ ಕೃಷಿ ವಿಜ್ಞಾನಿಗಳು ಕೀಟ ತಿನ್ನುವ ಕೀಟ, ಶಿಲೀಂಧ್ರ ಬೆಳೆಸಿಕೊಟ್ಟರು. ನೊಗ ಕಟ್ಟುವವನೂ ಸೂಕ್ಷ್ಮದರ್ಶಕದಲ್ಲಿ ನೋಡುವವನೂ ಒಂದೇ ಹೊಲಕ್ಕೆ ಬೇಕಾದರು.

ಮೊನ್ನೆ ವೈಂಡಿಂಗ್ ಅಂಗಡಿಗೆ ಹೋದಾಗ ಆ ಕ್ಯಾಲೆಂಡರ್ ಹಾಳೆಗಳನ್ನು ಕೈಗೆತ್ತಿಕೊಂಡು ನೋಡಿದೆ. ಮೂರು ಅಂಕಿ, ಒಂದು ಬಾಣದ ಗುರುತು, ಪಕ್ಕದಲ್ಲಿ ಯಾವುದೋ ಊರಿನ ಹೆಸರು. ಇದರ ಅರ್ಥ ಏನು ಅಂದೆ. 'ನನಗೆ ಮಾತ್ರ ಗೊತ್ತಾಗುತ್ತೆ' ಎಂದು ನಕ್ಕ. ಕಲಿಯಲು ಹುಡುಗರು ಯಾರಾದರೂ ಬರುತ್ತಾರಾ ಅಂತ ಕೇಳಿದ್ದಕ್ಕೆ, ಒಬ್ಬ ಬರುತ್ತಿದ್ದ, ಹಬ್ಬಕ್ಕೆ ಹೋದವನು ಬೆಂಗಳೂರಿನಲ್ಲಿ ಡೆಲಿವರಿ ಕೆಲಸಕ್ಕೆ ಸೇರಿಕೊಂಡನಂತೆ ಅಂದು, ಮುಂದಿನ ಮೋಟಾರನ್ನು ಹತ್ತಿರಕ್ಕೆ ಎಳೆದುಕೊಂಡ.