ಚರಗದ ಹಬ್ಬವೂ ಕಡಲೆಯ ಹೊಲವೂ

ಬೆಳಗಾವಿ ಜಿಲ್ಲೆಯ ಬೈಲಹೊಂಗಲ, ಕಿತ್ತೂರು, ಸವದತ್ತಿ ಮತ್ತು ರಾಮದುರ್ಗ ತಾಲೂಕುಗಳ ಒಕ್ಕಲು ಮನೆತನಗಳಲ್ಲಿ ವರ್ಷಕ್ಕೆ ಎರಡು ದಿನ ಅಡಿಗೆಯು ಮನೆಯಲ್ಲಿ ಸಿದ್ಧವಾಗಿ, ಊಟವು ಹೊಲದಲ್ಲಿ ನಡೆಯುವುದು ಹಿಂದಿನಿಂದಲೂ ಬಂದ ವಾಡಿಕೆಯಾಗಿದೆ. ಮೊದಲನೆಯದು ಆಶ್ವೀಜ ಮಾಸದ ಶೀಗೆ ಹುಣ್ಣಿಮೆ. ಮುಂಗಾರಿಯ ಪೈರು ಕಾಳುಗಟ್ಟಿ ನಿಂತ ಆ ಕಾಲದಲ್ಲಿ ಭೂತಾಯಿಯನ್ನು ಬಸುರಿಯೆಂದು ಭಾವಿಸಿ, ಆಕೆಯ ಬಯಕೆಯನ್ನು ತೀರಿಸುವುದೇ ಅದರ ಉದ್ದೇಶ. ಎರಡನೆಯದು ಮಾರ್ಗಶಿರ ಬಹುಳದ ಎಳ್ಳಮಾವಾಸ್ಯೆ. ಅಷ್ಟರಲ್ಲಿ ಹಿಂಗಾರಿಯ ಜೋಳವು ತೆನೆದೆಗೆದು ಹಾಲುಗಾಳಿಗೆ ಬಂದಿರುವುದು. ಕಡಲೆಯು ಕಾಯಿ ಕಟ್ಟುತ್ತಿರುವುದು. ಹೊಲದ ಅಂಚಿನ ಸಾಲುಗಳಲ್ಲಿ ಕುಸುಬಿಯು ಮುಳ್ಳು ಬಲಿತು ನಿಂತಿರುವುದು.

ಇತ್ತೀಚಿನ ವರ್ಷಗಳಲ್ಲಿ ಅರಣ್ಯ ಇಲಾಖೆಯವರು ಹಕ್ಕಿಹಬ್ಬಗಳನ್ನು ಏರ್ಪಡಿಸಿ ಜನರಿಗೆ ಪಕ್ಷಿಗಳ ಪರಿಚಯ ಮಾಡಿಕೊಡುತ್ತಿರುವುದು ಸ್ತುತ್ಯವಾದ ಕಾರ್ಯವೇ ಸರಿ. ಆದರೆ ಮನೆಯ ಮುದುಕರಿಂದ ಹಿಡಿದು ಕೈಗೂಸಿನವರೆಗೆ ಎಲ್ಲರೂ ಒಂದು ದಿನವೆಲ್ಲ ಮಣ್ಣು, ಗಿಡ, ಹುಳು, ಹಕ್ಕಿಗಳ ನಡುವೆ ಕಳೆಯುವ ಉತ್ಸವವೊಂದು ಈ ಎರೆನಾಡಿನಲ್ಲಿ ಆಗಲೇ ಇರುವುದೆಂಬುದನ್ನು ಒಕ್ಕಲುತನದ ಖಾತೆಯವರು ಸಹ ಸಾಕಷ್ಟು ಮನಗಂಡಿಲ್ಲ.

ಹಬ್ಬದ ಹಿಂದಿನ ಎರಡು ಮೂರು ದಿನಗಳಿಂದಲೇ ಮನೆಯ ಹೆಣ್ಣುಮಕ್ಕಳಿಗೆ ಬಿಡುವಿರುವುದಿಲ್ಲ. ಎಳ್ಳು ಹಚ್ಚಿದ ಸಜ್ಜೆಯ ರೊಟ್ಟಿ, ಜೋಳದ ಖಡಕ್ ರೊಟ್ಟಿ, ಶೇಂಗಾ ಹೋಳಿಗೆ, ಕಡುಬು, ಕರ್ಚಿಕಾಯಿ, ಎಣಗಾಯಿ ಪಲ್ಯ, ಪುಂಡಿ ಪಲ್ಯ, ಗುರೆಳ್ಳು ಹಿಂಡಿ, ಮೊಸರು ಬುತ್ತಿ - ಇವೆಲ್ಲ ಬುಟ್ಟಿಗಳಲ್ಲಿ ತುಂಬಿ ಮೇಲೆ ಶುಭ್ರವಾದ ವಸ್ತ್ರ ಮುಚ್ಚಲ್ಪಡುವುವು. ಮೊದಲು ಕೊಲ್ಲಾರಿ ಕಟ್ಟಿದ ಬಂಡಿಗಳ ಸಾಲು ಊರ ಅಗಸೆಯನ್ನು ದಾಟುತ್ತಿದ್ದಿತು. ಈಗ ಅನೇಕ ಕಡೆಗೆ ಟ್ರ್ಯಾಕ್ಟರಿನ ಹಿಂದಿನ ಟ್ರೇಲರು ಆ ಕೆಲಸವನ್ನು ಮಾಡುತ್ತಿದೆ. ಹೊಲವನ್ನು ಮುಟ್ಟಿದ ಮೇಲೆ ಬನ್ನಿಯ ಗಿಡದ ಬುಡದಲ್ಲಿಯೋ, ಬದುವಿನ ಬೇವಿನ ನೆರಳಿನಲ್ಲಿಯೋ ಐದು ಕಲ್ಲುಗಳನ್ನಿಟ್ಟು, ಸುಣ್ಣ ಬಳಿದು, ಪಾಂಡವರೆಂದು ಪೂಜಿಸುವರು. ತರುವಾಯ ತಂದ ಅಡಿಗೆಯಲ್ಲೆಲ್ಲ ತುಸು ತುಸು ತೆಗೆದು ಒಂದುಗೂಡಿಸಿ, ಒಬ್ಬನು ಮುಂದೆ ಕೂಗುತ್ತ ಅದನ್ನು ಪೈರಿನೊಳಗೆ ಚೆಲ್ಲುತ್ತ ನಡೆಯುವನು. ಇನ್ನೊಬ್ಬನು ಹಿಂದಿನಿಂದ ಓಗೊಡುತ್ತ ನೀರು ಚಿಮುಕಿಸುತ್ತ ಹೋಗುವನು. ಹೊಲವನ್ನು ಸುತ್ತಿ ಬಂದ ಮೇಲೆಯೇ ಊಟ. ಹೊಲವಿಲ್ಲದ ನೆರೆಯವರನ್ನೂ ಕೂಲಿಯವರನ್ನೂ ಕರೆದುಕೊಂಡು ಹೋಗದ ಮನೆತನವನ್ನು ಊರು ಮೆಚ್ಚುವುದಿಲ್ಲ.

ಊರಿಂದೂರಿಗೆ ಬೇಧವಿರುವುದು ಸಹಜ. ಕಿತ್ತೂರಿನ ಕಡೆಗೆ ಮಲೆನಾಡಿನ ಸೆರಗು ತಾಗುವುದರಿಂದ ಅಲ್ಲಿ ಭತ್ತದ ಗದ್ದೆಗಳುಂಟು. ರಾಮದುರ್ಗದ ಕಡೆಗೆ ಹೋದಂತೆ ಮಳೆ ಕಡಿಮೆಯಾಗಿ ಜೋಳ, ಕಡಲೆಗಳೇ ಆಧಾರವಾಗುವುವು. ಬೈಲಹೊಂಗಲದ ಸುತ್ತಲೂ ಸೋಯಾ ಅವರೆಯ ಬೇಸಾಯ ಹಬ್ಬಿದಂದಿನಿಂದ ಶೀಗೆ ಹುಣ್ಣಿಮೆಯ ಹೊತ್ತಿಗೆ ರಾಶಿಯಾಗಿ ಹೊಲ ಬರಿದಾಗಿರುವುದೂ ಉಂಟು. ಬಸುರಿಗೆ ಬಯಕೆಯೂಟ ಒಯ್ದವರು ಬಾಣಂತಿಯನ್ನು ಕಂಡಂತಾಗುವುದೆಂದು ಹಿರಿಯರು ನಗೆಯಾಡುವರು. ನವಿಲುತೀರ್ಥದಲ್ಲಿ ಮಲಪ್ರಭೆಗೆ ಕಟ್ಟೆ ಬಿದ್ದು ೧೯೭೦ರ ದಶಕದಲ್ಲಿ ಕಾಲುವೆಗಳು ಹರಿದ ಮೇಲೆ ಗೋವಿನ ಜೋಳ, ಕಬ್ಬುಗಳು ಬಂದವು. ಎದೆಯೆತ್ತರ ಬೆಳೆದ ಕಬ್ಬಿನೊಳಗೆ ಪಂಕ್ತಿ ಹಾಕುವದೆಲ್ಲಿ? ಅಂಥವರು ಹೊಳೆಯ ದಂಡೆಗೋ ಗುಡ್ಡಕ್ಕೋ ಹೋಗಿ ಉಂಡು ಬರುವರು. ಅದರಲ್ಲಿ ತಪ್ಪೇನೂ ಇಲ್ಲವಾದರೂ, ಹೊಲವನ್ನು ಕಾಣದೆ ಹಬ್ಬವು ಮುಗಿದುಹೋಗುವುದು.

ಚರಗ ಚೆಲ್ಲುವುದು ಬರಿಯ ಮೂಢಾಚಾರವೆಂದು ಓದಿದ ತರುಣರು ಕೆಲವರು ಹೇಳುವುದುಂಟು. ಈ ಮಾತನ್ನು ಕಡಲೆಯ ಹೊಲದಲ್ಲಿ ನಿಂತು ಪರೀಕ್ಷಿಸಬೇಕು. ಕಡಲೆಗೆ ಬರುವ ಮುಖ್ಯ ಪೀಡೆಯೆಂದರೆ ಕಾಯಿಕೊರಕ ಹುಳು. ಅದರ ಪತಂಗವು ಎಳೆಯ ಎಲೆ, ಮೊಗ್ಗುಗಳ ಮೇಲೆ ಬಿಡಿಬಿಡಿಯಾಗಿ ತತ್ತಿಯಿಡುವುದು. ಮರಿಹುಳುವು ಮೊದಲು ಎಲೆಯನ್ನು ಕೆರೆದು ತಿಂದು, ಬಲಿತ ಮೇಲೆ ತಲೆಯನ್ನು ಕಾಯಿಯೊಳಗೆ ತೂರಿಸಿ, ಮೈಯನ್ನು ಹೊರಗೆ ಬಿಟ್ಟು ಕಾಳನ್ನು ತಿನ್ನುವುದು. ಒಂದೇ ಹುಳುವು ತನ್ನ ಆಯುಷ್ಯದಲ್ಲಿ ೩೦ರಿಂದ ೪೦ ಕಾಯಿಗಳನ್ನು ಕೆಡಿಸಬಲ್ಲದು. ಹಾಗೆ ಹೊರಗೆ ಬಿಟ್ಟ ಮೈಯೇ ಕಾಜಾಣ, ಗೊರವಂಕ, ಬೆಳ್ಳಕ್ಕಿಗಳ ಕಣ್ಣಿಗೆ ಬೀಳುವುದು. ಕಾಯಿ ಕಟ್ಟುವ ಕಾಲಕ್ಕೆ ಸರಿಯಾಗಿ ಹೊಲದಲ್ಲಿ ಅನ್ನ, ರೊಟ್ಟಿಯ ಚೂರುಗಳನ್ನು ಚೆಲ್ಲಿದರೆ ಅದಕ್ಕೆಂದು ಇಳಿದ ಹಕ್ಕಿಯು ಹುಳುವನ್ನು ಬಿಟ್ಟು ಹೋಗುವುದಿಲ್ಲ. ಹಕ್ಕಿಗಳನ್ನು ಕರೆಯಲು ಕಡಲೆಯಲ್ಲಿ ಚುರುಮುರಿ ಚೆಲ್ಲಬೇಕೆಂದೂ, ಅವು ಕೂಡ್ರಲು ಎಕರೆಗೆ ಹತ್ತಿಪ್ಪತ್ತು ಕವಲುಗೋಲುಗಳನ್ನು ನೆಡಬೇಕೆಂದೂ ಕೃಷಿ ತಜ್ಞರು ಇಂದು ಸಲಹೆ ಕೊಡುತ್ತಿರುವರು. ಚರಗಕ್ಕೂ ಇದಕ್ಕೂ ಇರುವ ಅಂತರ ಬಹಳವಿಲ್ಲ. ಒಂದೇ ದಿನ ಚೆಲ್ಲಿದರೆ ಸಾಲದು, ಹೂಗಾಲದಿಂದ ಕೆಲವು ಸಲ ಚೆಲ್ಲಬೇಕು, ಇಷ್ಟೇ.

ಆದರೆ ಜೋಳದ ಹೊಲದಲ್ಲಿ ಇದೇ ಉಪಾಯವನ್ನು ಮಾಡಹೋಗಬಾರದು. ಚಳಿಗಾಲದಲ್ಲಿ ಮಧ್ಯ ಏಷ್ಯದ ಕಡೆಯಿಂದ ಹಿಂಡುಹಿಂಡಾಗಿ ಬರುವ ಗುಲಾಬಿ ಬಣ್ಣದ ಗೊರವಂಕಗಳು ಹಾಲುಗಾಳಿನ ತೆನೆಯ ಮೇಲೆ ಮುತ್ತುವುವು. ಅಲ್ಲಿ ಕವಲುಗೋಲು ನೆಡುವುದೆಂದರೆ ಕಳ್ಳನಿಗೆ ಮಣೆ ಹಾಕಿದಂತೆ. ಇದೇ ಹಕ್ಕಿಯು ತನ್ನ ತವರಿನಲ್ಲಿ ಮಿಡತೆಗಳ ಪರಮಶತ್ರುವಾದುದರಿಂದ, ಚೀನಾ ದೇಶದ ಸಿಂಕಿಯಾಂಗ್ ಪ್ರಾಂತದಲ್ಲಿ ಅದಕ್ಕಾಗಿ ಕಲ್ಲಿನ ಗೂಡುಗಳನ್ನು ಕಟ್ಟಿಸಿಕೊಟ್ಟಿರುವರು. ಎಲ್ಲಿ ಮಿತ್ರ, ಎಲ್ಲಿ ಶತ್ರು ಎಂಬುದನ್ನು ಒಕ್ಕಲಿಗನು ಬೆಳೆ ನೋಡಿ ನಿಶ್ಚಯಿಸಬೇಕು.

ಎಳ್ಳಮಾವಾಸ್ಯೆಯ ದಿನ ಮಕ್ಕಳ ಕೈಗೆ ಒಂದು ಕೆಲಸವನ್ನು ಕೊಡಬಹುದು. ಒಂದು ಮೀಟರು ಉದ್ದದ ಕೋಲನ್ನು ಕಡಲೆಯ ಸಾಲಿನ ಪಕ್ಕದಲ್ಲಿಟ್ಟು, ಅಷ್ಟು ಉದ್ದದಲ್ಲಿ ಹುಳುಗಳೆಷ್ಟು ಇರುವುವೆಂದು ಎಣಿಸಹೇಳಬೇಕು. ಹೊಲದ ಹತ್ತಾರು ಕಡೆಗೆ ಹೀಗೆ ಎಣಿಸಿ ಸರಾಸರಿ ತೆಗೆದಾಗ ಮೀಟರಿಗೆ ಒಂದೆರಡು ಹುಳು ಕಂಡರೆ ಉಪಾಯ ಮಾಡುವ ಕಾಲ ಬಂತೆಂದು ತಿಳಿಯತಕ್ಕದ್ದು. ಅದಕ್ಕಿಂತ ಕಡಿಮೆಯಿದ್ದರೆ ಔಷಧದ ಖರ್ಚು ವ್ಯರ್ಥ. ಉಪಾಯಗಳಲ್ಲಿ ಬೇವಿನ ಬೀಜದ ಕಷಾಯ ಸುಲಭವಾದುದು: ಐದು ಕಿಲೋ ಬೇವಿನ ಬೀಜದ ತಿರುಳನ್ನು ಕುಟ್ಟಿ ನೀರಿನಲ್ಲಿ ಒಂದು ರಾತ್ರಿ ನೆನೆಯಿಟ್ಟು, ಸೋಸಿ, ೧೦೦ ಲೀಟರು ಮಾಡಿಕೊಂಡು ಸಂಜೆಯ ಹೊತ್ತು ಸಿಂಪಡಿಸುವುದು. ಹುಳುವಿಗೆ ಮಾತ್ರ ರೋಗ ತರುವ ಎನ್.ಪಿ.ವಿ. ಎಂಬ ನಂಜಾಣುವಿನ ದ್ರಾವಣವೂ ದೊರೆಯುವುದು. ಬಿಸಿಲಿಗೆ ಅದರ ಶಕ್ತಿ ಕುಂದುವುದರಿಂದ ಅದನ್ನೂ ಸಂಜೆಯೇ ಹೊಡೆಯಬೇಕು.

ಇಲ್ಲಿಯೇ ಹಬ್ಬದ ಅತ್ಯಂತ ಚಿಂತಾಜನಕವಾದ ಭಾಗ ಬರುವುದು. ಊಟವಾದ ಮೇಲೆ ಮಕ್ಕಳು ಕೈಗೆ ಸಿಕ್ಕ ಹಸಿಗಡಲೆಯನ್ನು ಕಿತ್ತು ಸುಲಿದು ತಿನ್ನುವರು. ಹುಳಿ ಹುಳಿಯಾದ ಎಲೆಯನ್ನು ನೆಕ್ಕುವರು. ಹೆಂಗಸರು ಪಲ್ಯಕ್ಕೆಂದು ಕುಡಿ ಚಿವುಟುವರು. ತೊಳೆಯುವ ಪದ್ಧತಿಯೇ ಇಲ್ಲ. ಕಾಯಿಕೊರಕಕ್ಕೆಂದು ಮೂರು ನಾಲ್ಕು ದಿನಗಳ ಹಿಂದೆ ಆ ಹೊಲಕ್ಕೆ ಕಟುವಿಷವನ್ನು ಹೊಡೆದಿದ್ದರೆ, ಅತಿಥಿಗಳಿಗೆ ಉಣಿಸಿದುದೇನು? ಪ್ರತಿಯೊಂದು ಕೀಟನಾಶಕಕ್ಕೂ ಸಿಂಪರಣೆಗೂ ಕೊಯ್ಲಿಗೂ ನಡುವೆ ಇಷ್ಟು ದಿನ ಕಾಯಬೇಕೆಂಬ ನಿಯಮವುಂಟು. ಡಬ್ಬಿಯ ಮೇಲಿನ ತ್ರಿಕೋನದ ಬಣ್ಣವು ಕೆಂಪಾದರೆ ಅತ್ಯುಗ್ರ ವಿಷ, ಹಳದಿಯಾದರೆ ಅದಕ್ಕಿಂತ ತುಸು ಕಡಿಮೆ, ನೀಲಿಯಾದರೆ ಮಧ್ಯಮ, ಹಸಿರಾದರೆ ಅಲ್ಪ ಎಂದು ಅರ್ಥ. ಹಸಿರೆಂದರೆ ನಿರಪಾಯವೆಂದು ಭ್ರಮಿಸಕೂಡದು. ಒಂದು ಕಾಲಕ್ಕೆ ಕೈಬೀಸಿ ಹೊಡೆಯುತ್ತಿದ್ದ ಎಂಡೋಸಲ್ಫಾನನ್ನು ೨೦೧೧ರಲ್ಲಿ ಸುಪ್ರೀಂ ಕೋರ್ಟು ತಡೆದುದನ್ನು ಎಲ್ಲರೂ ಬಲ್ಲರು. ಪಂಗ್ತಿ ಕೂಡುವ ಹೊಲಕ್ಕೆ ಹಬ್ಬದ ಹಿಂದಿನ ಹದಿನೈದು ದಿನಗಳಲ್ಲಿ ಇಂಥ ಯಾವ ವಿಷವನ್ನೂ ಹೊಡೆಯದಿರುವುದು ಮೇಲು. ಹೊಡೆಯಲೇಬೇಕಾಗಿ ಬಂದರೆ ಆ ವರ್ಷ ಊಟವನ್ನು ಬೇರೆ ಹೊಲದಲ್ಲಿ ಮಾಡತಕ್ಕದ್ದು, ಮತ್ತು ಅದನ್ನು ಕರೆದವರಿಗೆ ನಾಚದೆ ಹೇಳತಕ್ಕದ್ದು.

ಇಲಿಪಾಷಾಣದ ವಿಷಯವಂತೂ ಇನ್ನೂ ಕಠಿಣ. ಸತುವಿನ ಫಾಸ್ಫೈಡೆಂಬ ಕಪ್ಪು ಪುಡಿಯನ್ನು ಜೋಳದ ನುಚ್ಚಿನಲ್ಲಿ ಕಲಸಿ ಬದುವಿನ ಮೇಲೆ ಇಟ್ಟುಬಿಡುವ ರೂಢಿ ಕೆಲವರಲ್ಲಿದೆ. ಅದು ಹೊಟ್ಟೆಯ ಹುಳಿಯನ್ನು ಕೂಡಿದೊಡನೆ ವಿಷವಾಯುವಾಗುವುದು, ಅದಕ್ಕೆ ಪ್ರತ್ಯೌಷಧವಿಲ್ಲ. ಚರಗದ ತುತ್ತಾವುದು, ಪಾಷಾಣದ ಉಂಡೆಯಾವುದು ಎಂಬುದು ಹಕ್ಕಿಗೂ ನಾಯಿಗೂ ತಿಳಿಯದು, ಎರಡು ವರ್ಷದ ಕೂಸಿಗೂ ತಿಳಿಯದು. ಪಾಷಾಣವನ್ನು ಬಿಲದೊಳಗೆ ಆಳವಾಗಿ ಇಟ್ಟು ಬಾಯಿಗೆ ಮಣ್ಣು ಮೆತ್ತಬೇಕಲ್ಲದೆ ಹೊರಗೆ ಇಡಕೂಡದು. ಹಬ್ಬದ ಹಿಂದು ಮುಂದಿನ ವಾರಗಳಲ್ಲಿ ಅದರ ಗೊಡವೆಯೇ ಬೇಡ. ಔಷಧ ಹಚ್ಚಿ ಉಳಿದ ಬಿತ್ತನೆಯ ಕಾಳನ್ನು ಬದುವಿಗೆ ಚೆಲ್ಲುವುದೂ ಇಷ್ಟೇ ಅಪಾಯಕರ. ನವಿಲುತೀರ್ಥದ ಹೆಸರಿನಲ್ಲಿಯೇ ನವಿಲುಂಟು. ನವಿಲು ಬಿತ್ತಿದ ಕಾಳನ್ನು ಕೆದರಿ ತಿನ್ನುವುದೆಂಬ ಒಕ್ಕಲಿಗರ ದೂರು ಸುಳ್ಳಲ್ಲ. ಆದರೆ ಅದು ೧೯೬೩ರಿಂದ ರಾಷ್ಟ್ರಪಕ್ಷಿ, ೧೯೭೨ರ ವನ್ಯಜೀವಿ ಕಾಯಿದೆಯ ಪೂರ್ಣ ರಕ್ಷಣೆಗೆ ಒಳಪಟ್ಟುದು. ಅದನ್ನು ವಿಷದಿಂದ ಕೊಲ್ಲುವುದು ಅಪರಾಧ.

ಹಕ್ಕಿಗಳಿಗೆ ಆಸರೆಯಾದ ಬದುವಿನ ಬನ್ನಿ, ಬೇವು, ಜಾಲಿಗಳನ್ನು ಟ್ರ್ಯಾಕ್ಟರು ತಿರುಗಲು ಅಡ್ಡಿಯೆಂದು ಕಡಿಯುತ್ತ ಬಂದಿರುವರು. ಇಡೀ ಬದುವಿನ ಮೇಲೆ ಒಂದು ಗಿಡವಾದರೂ ಉಳಿಯದಿದ್ದರೆ ಪಾಂಡವರನ್ನು ಕೂಡ್ರಿಸುವುದು ಬಿಸಿಲಿನಲ್ಲಿಯೇ. ಗಿಡ ಬೆಳೆಯಲು ವರ್ಷಗಳು ಬೇಕು. ಅದುವರೆಗೆ ಕಡಲೆಯ ಬೀಜದಲ್ಲಿ ನಾಲ್ಕು ಹಿಡಿ ಜೋಳವನ್ನು ಬೆರೆಸಿ ಬಿತ್ತಿದರೆ ಅಲ್ಲಲ್ಲಿ ಎದ್ದ ಜೋಳದ ದಂಟುಗಳೇ ಹಕ್ಕಿಗಳಿಗೆ ಜೀವಂತ ಕವಲುಗೋಲುಗಳಾಗುವುವು, ಹೊಲದ ಸುತ್ತಲೂ ಕುಸುಬಿಯ ಸಾಲು ಹಾಕಿದರೆ ದನಗಳ ಕಾಟವೂ ತಪ್ಪುವುದು. ಎರೆಯ ಹೊಲಗಳಲ್ಲಿ ಕಡಲೆಯ ಬಿತ್ತನೆ ಶೀಗೆ ಹುಣ್ಣಿಮೆಯ ಆಸುಪಾಸಿನಲ್ಲಿಯೇ ನಡೆಯುವುದರಿಂದ, ಎಳ್ಳಮಾವಾಸ್ಯೆಗೆ ಬೇಕಾದ ಈ ಸಿದ್ಧತೆಯನ್ನು ಮೊದಲ ಹಬ್ಬದ ದಿನ ಹೊಲದಲ್ಲಿ ಊಟಕ್ಕೆ ಕುಳಿತಾಗಲೇ ನಿಶ್ಚಯಿಸಿ, ಮರುದಿನ ಕೂರಿಗೆ ಹೂಡುವ ಮೊದಲು ಬೀಜವನ್ನು ಬೆರೆಸಿಟ್ಟುಕೊಳ್ಳಬೇಕು.