ಬೇಲಿಯ ಕಾಡು ಸೂರ್ಯಕಾಂತಿ: ಗೊಬ್ಬರವೋ, ಕಳೆಯೋ?

ಮಳೆ ಕಳೆದು ಬಿಸಿಲು ಬಿದ್ದೊಡನೆ ರಸ್ತೆ ಬದಿಗಳಲ್ಲಿ ಆಳೆತ್ತರಕ್ಕೂ ಮೀರಿ ಬೆಳೆದು ಹಳದಿ ಹೂ ಬಿಡುವ ಗಿಡವನ್ನು ಸದಸ್ಯರೆಲ್ಲ ಕಂಡೇ ಇರುತ್ತೀರಿ. ಇದರ ಶಾಸ್ತ್ರೀಯ ಹೆಸರು ಟಿಥೋನಿಯ ಡೈವರ್ಸಿಫೋಲಿಯ. ತವರು ಮೆಕ್ಸಿಕೊ ಮತ್ತು ಮಧ್ಯ ಅಮೆರಿಕ. ಎಣ್ಣೆಯ ಸೂರ್ಯಕಾಂತಿಯಂತೆ ಒಂದೇ ಬೆಳೆಗೆ ಮುಗಿಯದೆ, ಕಡಿದಷ್ಟೂ ಚಿಗುರುವ ಬಹುವಾರ್ಷಿಕ ಗಿಡವಿದು. ಅಂಗಳದ ಅಂಚಿಗೆ ಚೆಂದವೆಂದು ಹಲವರು ಕಡ್ಡಿ ಕೇಳುತ್ತಿರುವುದರಿಂದ ಈ ಎರಡು ಮಾತು.

ಹೂವಿಗಿಂತ ಸೊಪ್ಪಿನಿಂದಲೇ ಇದಕ್ಕೆ ಹೆಸರು. 1990ರ ದಶಕದಲ್ಲಿ ಪಶ್ಚಿಮ ಕೀನ್ಯಾದ ಸಣ್ಣ ಹಿಡುವಳಿಗಳಲ್ಲಿ ಇದನ್ನು ಹಸಿರೆಲೆ ಗೊಬ್ಬರವಾಗಿ ಪರೀಕ್ಷಿಸಿದರು. ಒಣ ಎಲೆಯಲ್ಲಿ ಸಾರಜನಕ ಸುಮಾರು ಶೇ. 3.5, ಪೊಟ್ಯಾಸಿಯಂ ಸುಮಾರು ಶೇ. 4, ಬೇಗ ಕೊಳೆಯುತ್ತದೆ ಕೂಡ. ಅಡಿಕೆ ಬುಡಕ್ಕೆ ಇನ್ನೇನು ಬೇಕು ಎನಿಸಬಹುದು. ಆದರೆ ಹಸಿ ಸೊಪ್ಪಿನಲ್ಲಿ ಬಹುಪಾಲು ನೀರೇ. ನೂರು ಕಿಲೊ ಕಡಿದು ಹೊತ್ತರೂ ಮಣ್ಣಿಗೆ ಸೇರುವ ಸಾರಜನಕ ಒಂದು ಕಿಲೊಗೆ ಕಡಿಮೆ. ಕೀನ್ಯಾದಲ್ಲೂ ಕೂಲಿಯ ಲೆಕ್ಕವೇ ತೊಡಕಾಯಿತು; ಆಳು ಸಿಗದ ನಮ್ಮಲ್ಲಿ ಕೇಳಬೇಕೆ? ತೋಟಕ್ಕೆ ತಾಗಿದ ಬೇಲಿಯಲ್ಲಿದ್ದರೆ ಮಾತ್ರ ಲಾಭ. ಗ್ಲಿರಿಸಿಡಿಯದಂತೆ ಇದು ಗಾಳಿಯ ಸಾರಜನಕವನ್ನು ಹಿಡಿಯುವುದಿಲ್ಲ. ಬೇಲಿಯ ಮಣ್ಣಿನ ಸಾರವನ್ನೇ ನಾವು ಬುಡಕ್ಕೆ ಸಾಗಿಸಿದಂತಾಗುತ್ತದೆ.

ದೊಡ್ಡ ಅಪಾಯ ಬೀಜದ್ದು. ಹಗುರವಾದ ಬೀಜ ಗಾಳಿ, ನೀರಿನಲ್ಲಿ ಸಾಗಿ ಬೀಳುಗದ್ದೆ, ತೋಡಿನ ದಡಗಳನ್ನು ಹಿಡಿಯುತ್ತದೆ. ಆಫ್ರಿಕ, ಏಷ್ಯಗಳ ಹಲವೆಡೆ ಇದು ಹಠಮಾರಿ ಕಳೆ. ಲಂಟಾನವೂ ಹೂವಿನ ಚೆಂದಕ್ಕೆಂದು ಬಂದದ್ದೇ! ಆದ್ದರಿಂದ ಹೊಸದಾಗಿ ನೆಡಿರೆಂದು ನಾನು ಹೇಳಲಾರೆ. ಈಗಾಗಲೇ ಇರುವ ಗಿಡವನ್ನು ಮೊಗ್ಗು ಒಡೆಯುವ ಮುನ್ನವೇ ಕಡಿಯಿರಿ. ಮೆದು ಸೊಪ್ಪನ್ನಷ್ಟೇ ಬುಡಕ್ಕೆ ಹಾಕಿ. ಬಲಿತ ಕಾಂಡ ಒದ್ದೆ ಮಣ್ಣಿಗೆ ತಾಗಿದರೆ ಅಲ್ಲೇ ಬೇರು ಬಿಡುತ್ತದೆ.